ನೆಗ್ಗಿಲ ಬದುವಿನ ದೊಡ್ಡವ್ವ

ಆಕೆಯ ಹಿಮ್ಮಡಿಗಳಲ್ಲಿ ಬಿರುಕಿಗಿಂತ ಮುಳ್ಳಿನ ತೂತುಗಳೇ ಹೆಚ್ಚು. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಬದುವಿನ ಮೇಲೆ ಕಾಲು ಚಾಚಿ, ಒಳಗೆ ಮುರಿದ ಮುಳ್ಳನ್ನು ಸೂಜಿಯಿಂದ ಕೀಳುತ್ತಿದ್ದಳು. ಕೊಟ್ಟೂರು ಹಾದಿಯ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಆಕೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ.

ಶೇಂಗಾ ಸಾಲಿನಲ್ಲಿ ಒಂದೆಳೆ ಗರಿಕೆಯನ್ನೂ ಉಳಿಸದ ಕೈ. ಆದರೆ ಬದುವಿನ ಮೂಲೆಯಲ್ಲಿ ಹಬ್ಬಿದ ನೆಗ್ಗಿಲು ಮುಳ್ಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಉಗುರಿನಷ್ಟೇ ಅಗಲದ, ಮಾಸಲು ನೀಲಿ ಚಿಟ್ಟೆಗಳು ಅದರ ಮೇಲೆ ಮೊಳದೆತ್ತರಕ್ಕೂ ಏರದೆ ಹಾರಾಡುತ್ತಿದ್ದವು. ಒಮ್ಮೆ ಕಡ್ಡಿಯಿಂದ ಎಲೆ ಮಗುಚಿ ತೋರಿಸಿದಳು: ಆ ಚಿಟ್ಟೆಯದೇ ಮರಿ, ಅಕ್ಕಿಕಾಳಿನಷ್ಟು ಹಸಿರು ಹುಳು, ಅದರ ಬೆನ್ನ ಮೇಲೆ ಇರುವೆಗಳು. ತಿಂದುಬಿಡುತ್ತವೆಂದು ನಾನು ಗಾಬರಿಯಾದರೆ ನಕ್ಕಳು. ಹುಳುವಿನ ಬೆನ್ನಲ್ಲಿ ಸಿಹಿ ಒಸರುತ್ತದಂತೆ, ಅದರಾಸೆಗೆ ಇರುವೆಗಳು ಕಾವಲು ಕಾಯುತ್ತವಂತೆ. ಡಿಗ್ರಿ ಓದಿದ ನನಗೆ ಇದು ಗೊತ್ತಿರಲಿಲ್ಲ. ನಿನ್ನ ಬಳಗ ಉಂಡಿತೇನು ಎಂದು ಜೊತೆಯ ಹೆಂಗಸರು ಕಾಡಿದರೂ ಆಕೆ ಬೇಸರ ಮಾಡಿಕೊಂಡವಳಲ್ಲ.

ಆಕೆಗೆ ಸಕ್ಕರೆ ಕಾಯಿಲೆ. ಒಂದು ಮುಂಗಾರಿನಲ್ಲಿ ಚುಚ್ಚಿದ ನೆಗ್ಗಿಲು ಕೀವಾಗಿ, ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು. ನನಗೆ ಆ ಮುಳ್ಳಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕಳೆನಾಶಕ ತಂದು, ಪಂಪು ಹೆಗಲಿಗೇರಿಸಿ, ಬದುವಿನುದ್ದಕ್ಕೂ ನಾನೇ ಹೊಡೆದೆ. ದೊಡ್ಡವ್ವನಿಗೆ ಉಪಕಾರ ಮಾಡಿದೆನೆಂಬ ಹಿಗ್ಗು ಬೇರೆ.

ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದವಳನ್ನು ಬೈಕಿನಲ್ಲಿ ಕರೆತಂದು ತೋರಿಸಿದೆ. ಆಕೆ ಕುಕ್ಕರಿಸಿ ಕೂತು, ಒಣಗಿದ ಬಳ್ಳಿಯನ್ನು ಕಡ್ಡಿಯಿಂದ ಮಗುಚಿದಳು. ಬಹಳ ಹೊತ್ತು ಮಗುಚುತ್ತಲೇ ಇದ್ದಳು.

"ಮುಳ್ಳು ಚುಚ್ಚಿದ್ದು ನನಗ, ತಮ್ಮಾ. ಇವೇನ್ ಮಾಡಿದ್ವು?"

ನಿನ್ನ ಕಾಲಿಗಾಗಿಯೇ ಹೊಡೆದೆ ಎಂದು ತೊದಲಿದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಒಂದ್ ಮಾತು ಕೇಳ್ಬೇಕಿತ್ತು," ಎಂದಳು, ಅಷ್ಟೇ.

ಆಮೇಲೆ ಆಕೆ ನಮ್ಮ ಹೊಲಕ್ಕೆ ಬರಲಿಲ್ಲ. ನಂಜು ಮೇಲೇರಿ, ಶೇಂಗಾ ಕೀಳುವ ಮೊದಲೇ ತೀರಿಕೊಂಡಳು. ಮಣ್ಣಿಗೆ ಹೋದಾಗ ಆ ಕಾಲುಗಳ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಈ ವರ್ಷ ಮೂಲೆಯಲ್ಲಿ ನೆಗ್ಗಿಲು ತಾನಾಗಿ ಎದ್ದಿದೆ, ಹಳದಿ ಹೂವನ್ನೂ ಬಿಟ್ಟಿದೆ. ಕೀಳಬೇಕೋ ಬಿಡಬೇಕೋ ಎಂದು ಕಳೆಗೆ ಬಂದ ಹೆಂಗಸರು ಕೇಳಿದರು. ಅವರು ಕೇಳಿದರಲ್ಲ ಎಂದೇ ನನಗೆ ಅಳು ಬಂತು. ಬಿಡಿ ಎಂದೆ. ದಿನಾ ಮಧ್ಯಾಹ್ನ ಕಡ್ಡಿ ಹಿಡಿದು ಎಲೆ ಮಗುಚಿ ನೋಡುತ್ತೇನೆ. ಇರುವೆಗಳು ಬಳ್ಳಿ ಹತ್ತುತ್ತವೆ, ಎಲೆ ಎಲೆಯಡಿ ಹುಡುಕುತ್ತವೆ, ಇಳಿದು ಹೋಗುತ್ತವೆ. ಹುಳು ಇಲ್ಲ.