ನನ್ನ ತಕರಾರಿಗೆ ಅವ್ವ ಪೇಷಂಟ್

ನನಗೆ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ತಲೆಯ ಕೂದಲು ಉದುರುತ್ತಿತ್ತು, ಗದ್ದದ ಮೇಲೆ ಹೊಸದಾಗಿ ಬರುತ್ತಿತ್ತು. ದೇವರು ನನ್ನ ಕೂದಲಿಗೆ ವರ್ಗಾವಣೆ ಆದೇಶ ಹೊರಡಿಸಿದ್ದನೋ ಏನೋ! ಮುಂಡರಗಿಯ ನಮ್ಮ ಮನೆಯಲ್ಲಿ ಈ ವಿಷಯ ನನಗೂ ಅವ್ವನಿಗೂ ಮಾತ್ರ ಗೊತ್ತಿತ್ತು. ಆಗಲೇ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂದು, ಫೋಟೋ ಒಪ್ಪಿಗೆಯಾಗಿ, ಅವರು ನೋಡಲು ಬರುವುದಷ್ಟೇ ಬಾಕಿ ಉಳಿದಿತ್ತು. ಅಷ್ಟರೊಳಗೆ ನನ್ನನ್ನು ರಿಪೇರಿ ಮಾಡಿಸಿಬಿಡಬೇಕು ಎಂಬುದು ಅವ್ವನ ಹಟ. ನನ್ನ ಹೆದರಿಕೆ ಬೇರೆ. ಮುಂದೆ ನನಗೆ ಮಕ್ಕಳಾಗುತ್ತವೋ ಇಲ್ಲವೋ ಎಂದು ಒಳಗೊಳಗೇ ಕುದಿಯುತ್ತಿದ್ದೆ, ಆದರೆ ಅದನ್ನು ಬಾಯಿಬಿಟ್ಟು ಕೇಳಲು ನನಗೆ ಯಾರೂ ಇರಲಿಲ್ಲ.

ಗದಗದಲ್ಲಿ ಹಾರ್ಮೋನಿನ ಡಾಕ್ಟರ್ ಒಬ್ಬರಿದ್ದಾರೆ, ಅವರೂ ಹೆಂಗಸೇ ಎಂದು ಅವ್ವನಿಗೆ ಖಬರು ಸಿಕ್ಕಿತು. ಗದಗದ ಪಕ್ಕದ ಬೆಟಗೇರಿಗೆ ಸೀರೆ ತರಲು ಹೊರಟಿದ್ದೇವೆಂದು ಓಣಿಗೆಲ್ಲ ಸಾರಿ ಬಸ್ಸು ಹತ್ತಿದೆವು. ದಾರಿಯಲ್ಲಿ ಅವ್ವ ನನ್ನ ಕಿವಿಗೆ ಬಾಯಿ ಹಚ್ಚಿದಳು.

"ನೋಡು, ಅಲ್ಲಿ ನೀ ಪಿಟಕ್ ಅನ್ನಬ್ಯಾಡ. ಲಗ್ನದ ಹುಡುಗಿ ಹೆಸರು ದವಾಖಾನ್ಯಾಗ ಬರಸಬಾರದು. ಚೀಟಿ ನನ್ನ ಹೆಸರಿಲೆ ಮಾಡಸ್ತೀನಿ. ತಕರಾರು ನಂದು ಅಂತನ ಹೇಳ್ತೀನಿ."

"ಅವ್ವಾ, ನಿನಗ ಮುಟ್ಟು ನಿಂತು ಎಷ್ಟು ದಿನಾ ಆತು?"

"ಅದು ಡಾಕ್ಟರಿಗೆ ಏನ್ ಗೊತ್ತಾಗತೈತಿ? ಸುಮ್ಮನ ಕುಂಡ್ರು."

ಒಳಗೆ ಹೋದ ಕೂಡಲೇ ಅವ್ವ ಪೇಷಂಟಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಳು. ನಾನು ಚೀಲ ಹಿಡಿದು ಹಿಂದೆ ನಿಂತೆ.

"ಮುಟ್ಟು ಸರಿ ಆಗವಲ್ದರಿ ಬಾಯಾರ. ಮೂರು ನಾಕು ತಿಂಗಳಿಗೊಮ್ಮೆ ಆಗತೈತಿ. ಮಾರಿ ತುಂಬ ಮೊಡವಿ."

ಡಾಕ್ಟರ್ ಅವ್ವನ ಮುಖವನ್ನು ನಿಧಾನವಾಗಿ ನೋಡಿದರು. ಅಲ್ಲಿ ಹುಡುಕಿದರೂ ಒಂದು ಮೊಡವೆ ಇರಲಿಲ್ಲ.

"ವಯಸ್ಸೆಷ್ಟ್ರಿ ನಿಮಗ?"

"ಐವತ್ತೆರಡ್ರಿ."

"ಈ ತ್ರಾಸು ಯಾವಾಗಿಂದ ಐತಿ?"

"ಕಾಲೇಜಿಗೆ ಹೋಗೂ ಮುಂದ ಸುರು ಆತ್ರಿ."

"ಹೌದಾ? ಏನು ಕಲ್ತೀರಿ?"

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮವ್ವ ಒಂದಿಷ್ಟೂ ಅಳುಕದೆ, "ಬಿ.ಕಾಂ. ರಿ" ಎಂದಳು. ಆ ಬಿ.ಕಾಂ. ಕೂಡ ನನ್ನದೇ!

ಡಾಕ್ಟರ್ ನಗಲಿಲ್ಲ. ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡು, ಪೇಷಂಟಿನ ರಕ್ತ ತೆಗೆಯಬೇಕೆಂದು ಅವ್ವನನ್ನು ಪಕ್ಕದ ಕೋಣೆಗೆ ಕಳಿಸಿದರು. ಸೂಜಿ ಕಂಡರೆ ಹೌಹಾರುವ ಅವ್ವ, ಸೋಗು ಬಿಡಲೂ ಆಗದೆ, ಶಿವನನ್ನು ನೆನೆಯುತ್ತ ಎದ್ದು ಹೋದಳು. ಬಾಗಿಲು ಮುಚ್ಚಿತು. ಡಾಕ್ಟರ್ ಖಾಲಿಯಾದ ಕುರ್ಚಿಯನ್ನು ನನಗೆ ತೋರಿಸಿದರು.

"ಈಗ ನೀ ಹೇಳು ತಂಗಿ. ನಿನಗ ಎಲ್ಲಾಕ್ಕಿಂತ ಹೆಚ್ಚು ತ್ರಾಸು ಕೊಡೂದು ಯಾವುದು?"

ಹಿಂದೆ, ಸಂಬಂಧದ ಮಾತು ಬರುವ ಮೊದಲು, ಒಬ್ಬ ಡಾಕ್ಟರ್, "ತೂಕ ಇಳಸು, ಲಗ್ನಾ ಮಾಡ್ಕೋ, ಎಲ್ಲಾ ಸರಿ ಹೊಕ್ಕೈತಿ" ಎಂದು ತಲೆ ಎತ್ತದೆ ಹೇಳಿ ಕಳಿಸಿದ್ದರು. ನನಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ನಾನು ಭೋರೆಂದು ಅತ್ತುಬಿಟ್ಟೆ. ಈ ಡಾಕ್ಟರ್ ನನ್ನ ಅಳು ಮುಗಿಯುವ ತನಕ ಪೆನ್ನು ಕೆಳಗಿಟ್ಟು ಕಾದರು.

"ಮಕ್ಕಳಾಗ್ತಾವೇನ್ರಿ ನನಗ?"

"ಬಾಳ ಮಂದಿಗೆ ಆಗ್ತಾವು. ಕೆಲವರಿಗೆ ಔಷಧದ ಆಸರ ಬೇಕಾಗತೈತಿ. ಖಾತ್ರಿ ಯಾರಿಗೂ ಕೊಡಾಕ ಬರೂದಿಲ್ಲ, ಆದರ ಈಗಿಂದನ ಜೀವಾ ಹಿಂಡ್ಕೋಬ್ಯಾಡ. ಇದು ನೀ ಮಾಡಿದ ತಪ್ಪಲ್ಲ."

ಅಂಡಾಶಯದಲ್ಲಿ ತತ್ತಿ ವೇಳೆಗೆ ಸರಿಯಾಗಿ ಬಲಿಯದೆ ಇರುವುದರಿಂದ ಮುಟ್ಟು ತಪ್ಪುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಗದ್ದದ ಕೂದಲಿಗೂ ದಾರಿ ಇದೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದರು. ರೊಟ್ಟಿ ಬಿಡುವುದು ಬೇಡ, ರೊಟ್ಟಿಯಾದ ಮೇಲೆ ಬಡಿಸಿಕೊಳ್ಳುವ ಅನ್ನದ ಗುಡ್ಡ ಬಿಟ್ಟರೆ ಸಾಕು, ದಿನಾ ನಡೆಯಬೇಕು ಎಂದರು. ಆಮೇಲೆ ನನ್ನ ಹೆಸರಿನಲ್ಲೇ ನನ್ನ ರಕ್ತವೂ ಹೋಯಿತು.

ರಿಪೋರ್ಟು ಬಂದ ದಿನ ಅವ್ವನಿಗೆ ಸಿಡಿಲು ಬಡಿಯಿತು. ಅವಳ ರಕ್ತದಲ್ಲಿ ಸಕ್ಕರೆ ಏರಿ ಕುಳಿತಿತ್ತು. ಸೋಗಿನ ಪೇಷಂಟು ಖರೆ ಪೇಷಂಟೇ ಆಗಿದ್ದಳು. ಡಾಕ್ಟರ್ ಇಬ್ಬರಿಗೂ ಒಂದೇ ಗುಳಿಗೆ ಬರೆದರು, ಅವ್ವನಿಗೆ ಸಕ್ಕರೆಗೆ, ನನಗೆ ಮುಟ್ಟಿಗೆ.

"ನಿನ್ನ ಜಡ್ಡು ನನಗ ಅಂಟಿತಲ್ಲಲೇ!" ಎಂದು ಅವ್ವ ಬಸ್ಸಿಡೀ ನನ್ನನ್ನೇ ಬೈದಳು.

ಮರುದಿನದಿಂದ ಇಬ್ಬರೂ ಬೆಳಿಗ್ಗೆ ಎದ್ದು ಸಿಂಗಟಾಲೂರಿನ ರಸ್ತೆ ಹಿಡಿದು ನಡೆಯತೊಡಗಿದೆವು. ಕೇಳಿದವರಿಗೆಲ್ಲ ಅವ್ವ "ಹೊಲಕ್ಕ ಹೊಂಟೇವ್ರಿ" ಎನ್ನುತ್ತಿದ್ದಳು. ನಮ್ಮ ಹೊಲ ಊರಿನ ವಿರುದ್ಧ ದಿಕ್ಕಿನಲ್ಲಿದೆ.

ಲಕ್ಷ್ಮೇಶ್ವರದವರು ಬಂದರು. ಹುಡುಗನ ತಾಯಿ ಅಡಿಗೆಮನೆಗೂ ಬಂದು ಕಣ್ಣಾಡಿಸಿ, ಚಹಾಪುಡಿ ಡಬ್ಬಿಯ ಪಕ್ಕದ ಗುಳಿಗೆ ಎತ್ತಿಕೊಂಡರು.

"ಇದು ಯಾರದು?"

"ನಂದ್ರಿ, ನಂದು" ಎಂದಳು ಅವ್ವ.

ನನಗೆ ತಡೆಯಲಾಗಲಿಲ್ಲ. ಜೀವನಪೂರ್ತಿ ನನ್ನ ಗುಳಿಗೆಯನ್ನು ಅವ್ವನ ಹೆಸರಿನಲ್ಲಿ ನುಂಗಲೇನು?

"ಇಬ್ಬರದೂ ಐತ್ರಿ" ಎಂದು ಎಲ್ಲ ಹೇಳಿಬಿಟ್ಟೆ. ಬಂದವರೆಲ್ಲ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹುಡುಗಿಗೆ ದೋಷ ಇದೆಯಂತೆ, ಬೇಡ ಎಂದು ಆಮೇಲೆ ಫೋನ್ ಬಂತು. ಸಿಟ್ಟಿನಿಂದ ನನ್ನ ಮೈ ಉರಿದುಹೋಯಿತು. ಅವ್ವ ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಕೆಲವು ತಿಂಗಳಾದ ಮೇಲೆ ಮತ್ತೆ ಗದಗಕ್ಕೆ ಹೋದಾಗ, ದವಾಖಾನೆಯ ಬೆಂಚಿನ ಮೇಲೆ ಅದೇ ಹುಡುಗನ ತಾಯಿ! ಪಕ್ಕದಲ್ಲಿ ಅವರ ಮಗಳು, ಗದ್ದ ಮುಚ್ಚುವಂತೆ ಓಢಣಿ ಸುತ್ತಿಕೊಂಡು ನೆಲ ನೋಡುತ್ತ ಕುಳಿತಿದ್ದಳು. ನರ್ಸು ಕರೆದಳು. ತಾಯಿ ಎದ್ದರು.

"ಪೇಷಂಟ್ ನಾನ ಅದೀನ್ರಿ. ಮುಟ್ಟಿನ ತಕರಾರು."

ಖರೆ ಹೇಳುತ್ತೇನೆ, ಈಗ ಅವ್ವ ಈಕೆಯ ಮಾನ ಹರಾಜು ಹಾಕಲಿ ಎಂದು ನಾನು ಕಾದೆ. ಅವ್ವ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಹೋಗಿ ಅವರ ಕೈ ಹಿಡಿದಳು.

"ಅಕ್ಕಾರ, ಆ ಕುರ್ಚಿ ಮ್ಯಾಲೆ ನಾನೂ ಕುಂತು ಬಂದೀನಿ. ಬರ್ರಿ, ನಾವಿಬ್ಬರೂ ಹೊರಗ ಕುಂಡ್ರೂಣು. ಹುಡುಗಿ ಒಬ್ಬಾಕಿನ ಒಳಗ ಹೋಗ್ಲಿ."

ಆ ತಾಯಿ ಅವ್ವನ ಪಕ್ಕದಲ್ಲಿ ಕುಳಿತರು. ಹುಡುಗಿ ಬಾಗಿಲ ಬಳಿ ನಿಂತು ಒಮ್ಮೆ ನನ್ನ ಕಡೆ ನೋಡಿದಳು.

"ಅಳು ಬಂದ್ರ ಅತ್ತುಬಿಡು," ಎಂದೆ, "ಡಾಕ್ಟರು ಕಾಯ್ತಾರ."