ಎಂಜಿನ್ ಇಳಿಸಿದ ಶುಕ್ರವಾರ

ಅಪ್ಪ ಆ ಸಣ್ಣ ಕಾರನ್ನು ರೋಜಾ ಬಡಾವಣೆಯ ಹತ್ತಿರದ ಒಬ್ಬ ಡಾಕ್ಟರರಿಂದ ಕೊಂಡಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ನಾನು ಎಂ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಮನೆಯಲ್ಲಿ ಕುಳಿತ ಬೇಸಿಗೆಯ ಹೊತ್ತಿಗೆ ಅದರ ಪೆಟ್ರೋಲ್ ಎಂಜಿನ್ ಪೂರ್ತಿ ಸೋತುಹೋಗಿತ್ತು. ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಅಪ್ಪ ಬೆಳಿಗ್ಗೆ ಗಾಡಿ ಚಾಲೂ ಮಾಡಿದರೆ ಎದುರು ಮನೆಯವರು ಒಣಹಾಕಿದ ಬಟ್ಟೆಯನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಅಷ್ಟು ನೀಲಿ ಹೊಗೆ.

ಅಪ್ಪ ಕಮಲಾಪುರದ ಹೈಸ್ಕೂಲಿನ ಹೆಡ್ ಮಾಸ್ತರರು. ದಿನಾ ಅದೇ ಕಾರಿನಲ್ಲಿ ಇಬ್ಬರು ಶಿಕ್ಷಕರನ್ನು ಕೂರಿಸಿಕೊಂಡು ಹೋಗಿಬರುತ್ತಿದ್ದರು. ಹಳೆಯ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸುವುದನ್ನು ಆಗ ನಮ್ಮ ಕಡೆ ಬಹಳ ಜನ ಮಾಡಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾವೂ ಮಾಡಿಸುವುದೆಂದು ತೀರ್ಮಾನವಾಯಿತು.

"ಎಂಜಿನ್ ಹೊಸಾದು, ಸೀಟು ಹಳೇದು, ಓಡಸಾಂವ ಅದಕ್ಕಿಂತ ಹಳೇದು. ಛಲೋ ಜೋಡಿ ಆತು" ಎಂದು ಅಪ್ಪನ ತಾಯಿ, ನಮ್ಮ ಆಯಿ, ನಕ್ಕಳು.

ಕೆಲಸ ಕಪನೂರದ ಮೆಕ್ಯಾನಿಕ್ ಉಸ್ತಾದರದು. ಕಾರು ನಮ್ಮ ಮನೆಗೆ ಬಂದಂದಿನಿಂದ ಅದನ್ನು ಬೇರೆ ಯಾರೂ ಬಿಚ್ಚಿರಲಿಲ್ಲ. ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಅವರ ತಗಡಿನ ಶೆಡ್ಡಿತ್ತು. ಅದರ ಮುಂದಿನ ಬೇವಿನ ಮರದ ದಪ್ಪ ಕೊಂಬೆಗೆ ಎಂಜಿನ್ ಎತ್ತುವ ಸರಪಳಿ ರಾಟೆ ಕಟ್ಟಿದ್ದರು. ಅರವತ್ತು ದಾಟಿದ್ದರೂ ಒಬ್ಬರೇ ಕೆಲಸ ಮಾಡುತ್ತಿದ್ದರು. ಅಪ್ಪ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತು, ಸಂಜೆಯ ತನಕ ಅದೂ ಇದೂ ಮಾತಾಡುತ್ತಿದ್ದರು. ಮನೆಯಲ್ಲಿ ಅಷ್ಟು ಮಾತಾಡುವವರಲ್ಲ.

ಎಂಜಿನ್ ಇಳಿಸುವ ಮೊದಲಿನ ತಯಾರಿಗೆ ಎರಡು ದಿನ ಬೇಕು ಎಂದಿದ್ದರು ಉಸ್ತಾದರು. ಯಾವುದು ಎಲ್ಲಿಗೆ ಸೇರುತ್ತದೆ ಎಂದು ಬರೆದಿಡಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಬುಧವಾರ ಎಂಜಿನ್ನಿಗೆ ಸೀಮೆಎಣ್ಣೆ ಹೊಡೆದು ತೊಳೆದು, ರೇಡಿಯೇಟರಿನ ನೀರು ಬಿಟ್ಟು, ಆಯಿಲ್ ಇಳಿಸಿ, ಬ್ಯಾಟರಿ ತೆಗೆದಿಟ್ಟರು. ಬಾನೆಟ್ ತೆಗೆಯುವ ಮೊದಲು ಅದರ ಕೀಲಿನ ಸುತ್ತ ಮೊಳೆಯಿಂದ ಸಣ್ಣ ಗೆರೆ ಎಳೆದುಕೊಂಡರು, ಮತ್ತೆ ಅದೇ ಜಾಗಕ್ಕೆ ಕೂರಲೆಂದು. ನಾನು ಒಂದೊಂದು ವೈರಿಗೂ ಪೈಪಿಗೂ ನಂಬರು ಬರೆದ ಚೀಟಿಯನ್ನು ದಾರದಿಂದ ಕಟ್ಟಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದೆ.

"ಏನ್ರಿ ಬಾಯಿ, ಗಾಡಿಗೆ ತಾಯತಾ ಕಟ್ಟಾಕತ್ತೀರೇನು?" ಎಂದು ಉಸ್ತಾದರು ಕೇಳಿದರು. ನನ್ನನ್ನು ಅವರು ಬಾಯಿ ಎಂದೇ ಕರೆಯುತ್ತಿದ್ದರು.

"ಯಾವ ವೈರ್ ಎಲ್ಲಿಗೆ ಹೋಗ್ತದ ಅಂತ ತಿಳೀಲಿ ಅಂತ್ರಿ."

"ನನಗ ತಿಳದದಲ್ರಿ."

"ಕಟ್ಟಲಿ ಬಿಡ್ರಿ ಉಸ್ತಾದ್. ಯೂನಿವರ್ಸಿಟಿ ಓದ್ಯಾಳ" ಎಂದರು ಅಪ್ಪ. ದನಿಯಲ್ಲಿ ಹೆಮ್ಮೆಯಿತ್ತು.

"ಹಂಗಾರ ನಾ ಬರೇ ಬೇವಿನ ಗಿಡದ ಬುಡಕ ಓದೀನ್ರಿ, ಮಾಸ್ತರ್ ಸಾಬ್."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಆ ವಯಸ್ಸಿನಲ್ಲಿ ನನಗೆ ತಮಾಷೆ ಬೇಗ ನಾಟುತ್ತಿತ್ತು.

ಉಸ್ತಾದರದು ಒಂದು ಪದ್ಧತಿ. ಒಂದು ಭಾಗ ಬಿಚ್ಚಿದೊಡನೆ ಅದರ ಬೋಲ್ಟುಗಳನ್ನು ಡಬ್ಬಿಗೆ ಹಾಕುತ್ತಿರಲಿಲ್ಲ. ಪ್ರತಿಯೊಂದನ್ನೂ ಅದು ಬಂದ ತೂತಿಗೇ ಬೆರಳಿನಿಂದ ಎರಡು ಸುತ್ತು ತಿರುಗಿಸಿ ಬಿಡುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಬೋಲ್ಟ್ ತನ್ನ ಮನಿ ಬಿಡಬಾರದ್ರಿ" ಎಂದರು. ಕಾರಣ ಕೇಳಿದರೆ ಇಂಥ ಉತ್ತರ ಕೊಡುತ್ತಾರಲ್ಲ ಎನಿಸಿತು. ಅಳತೆ ಒಂದೇ ಆಗಿದ್ದರೆ ವಸ್ತುವೂ ಒಂದೇ ಎಂಬುದು ನಾನು ಪ್ರಯೋಗಶಾಲೆಯಲ್ಲಿ ಕಲಿತದ್ದು. ಅವರದ್ದು ಓದುಬರಹವಿಲ್ಲದವರ ನಂಬಿಕೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಶುಕ್ರವಾರ ಹತ್ತು ಗಂಟೆಗೆ ಎಂಜಿನ್ ಹೊರಗೆ ಬಂತು. ಅದು ಬೇವಿನ ಕೊಂಬೆಯಡಿ ಸರಪಳಿಯಲ್ಲಿ ತೂಗುತ್ತಿದ್ದಾಗ ನಾನು ಅದರ ನಂಬರಿನ ಮೇಲೆ ತೆಳು ಹಾಳೆಯಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಟ್ಟೆ. ಎಂಜಿನ್ ಬದಲಾವಣೆಯ ಅರ್ಜಿಗೆ ಅದು ಬೇಕಿತ್ತು. ಅಪ್ಪ ಅದನ್ನು ತೆಗೆದುಕೊಂಡು ಆರ್‌ಟಿಓ ಕಚೇರಿಗೆ ಹೋದರು. ಮಧ್ಯಾಹ್ನ ಉಸ್ತಾದರು ಕೈ ತೊಳೆದು, ಸೈಕಲ್ ಏರಿ ನಮಾಜಿಗೆ ಹೋದರು. ಶೆಡ್ಡಿನ ನೆರಳಿನಲ್ಲಿ ನಾನೊಬ್ಬಳೇ ಉಳಿದೆ.

ಹಳೆಯ ಗೇರ್‌ಬಾಕ್ಸ್ ಕಾರಿನಲ್ಲೇ ಉಳಿದಿತ್ತು. ಹೊಸ ಎಂಜಿನ್ ಅದಕ್ಕೇ ಸೇರಬೇಕು. ಅದರ ಅಂಚಿನಲ್ಲಿ ಎಂಟು ಬೋಲ್ಟುಗಳು ಗ್ರೀಸು, ಧೂಳು ಮೆತ್ತಿಕೊಂಡು ಕಪ್ಪಾಗಿ ತಮ್ಮ ತಮ್ಮ ತೂತಿನಲ್ಲಿದ್ದವು. ಸೀಮೆಎಣ್ಣೆಯ ಡಬ್ಬಿ ಪಕ್ಕದಲ್ಲೇ ಇತ್ತು. ಎಂಟನ್ನೂ ಹೊರಗೆ ತೆಗೆದು ತೊಳೆದೆ. ಒರೆಸಿ ಪೇಪರಿನ ಮೇಲೆ ಸಾಲಾಗಿಟ್ಟು ಸ್ಕೇಲಿನಿಂದ ಅಳೆದೆ. ಉದ್ದ ಒಂದೇ, ತಲೆಯ ಅಗಲ ಒಂದೇ. ಕೈಗೆ ಬಂದದ್ದನ್ನು ಎದುರಿಗಿದ್ದ ತೂತಿಗೆ ತಿರುಗಿಸುತ್ತ ಹೋದೆ. ಎರಡು ಮಾತ್ರ ಸ್ವಲ್ಪ ಬಿಗಿಯಾಗಿ ಹೋದವು. ಗ್ರೀಸು ಹೋದದ್ದಕ್ಕೆ ಹಾಗಾಗುತ್ತಿದೆ ಎಂದುಕೊಂಡೆ.

ವಾಪಸು ಬಂದ ಉಸ್ತಾದರು ಗೇರ್‌ಬಾಕ್ಸಿನ ಮುಂದೆ ಬಗ್ಗಿ ನೋಡಿದರು.

"ಬೋಲ್ಟ್ ಮಿಂಚಾಕತ್ತಾವಲ್ರಿ. ತೊಳದ್ರೇನು?"

"ಅಲ್ಲೇ ಅರಿವಿಯಿಂದ ಒರಸೀನ್ರಿ."

"ಹೊರಗ ತಗದಿಲ್ಲಲ್ಲ?"

"ಇಲ್ರಿ."

ಒಂದೇ ಮಾತು. ಅದನ್ನು ಯಾಕೆ ಆಡಿದೆ ಎಂದು ಇಷ್ಟು ವರ್ಷ ಕೇಳಿಕೊಂಡಿದ್ದೇನೆ. ಅವರು ಬೈಯುವವರಾಗಿರಲಿಲ್ಲ. ನಿಜ ಹೇಳಿದ್ದರೆ ತಾಯತದ ಹಾಗೆ ಇನ್ನೊಂದು ತಮಾಷೆಯ ಮಾತು ಅಪ್ಪನ ಮುಂದೆ ಬರುತ್ತಿತ್ತು, ಅಷ್ಟೇ. ಉಸ್ತಾದರು ತಲೆಯಾಡಿಸಿ, ಎಂಜಿನ್ ಕೂರುವ ಜಾಗವನ್ನು ಸ್ವಚ್ಛ ಮಾಡಲು ಹೋದರು.

ಡೀಸೆಲ್ ಎಂಜಿನ್ ಸೋಮವಾರ ಬಂತು. ಇಳಿಸಿ, ಸರಿಸಿ, ಗೇರ್‌ಬಾಕ್ಸಿಗೆ ಮುಖ ಕೂಡಿಸುವುದರೊಳಗೆ ಸಂಜೆಯಾಗಿತ್ತು. ಉಸ್ತಾದರು ತೂತಿನಿಂದ ಒಂದೊಂದೇ ಬೋಲ್ಟು ತೆಗೆದು, ಅಲ್ಲಲ್ಲಿಗೇ ಹಾಕಿ ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಬಿಗಿ ಮಾಡುತ್ತ ಬಂದರು. ಆರನೆಯದು ಬಿಗಿಯಾಗುವಾಗ ಒಣಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ಗೇರ್‌ಬಾಕ್ಸಿನ ಅಂಚಿನಲ್ಲಿ ಬೋಲ್ಟು ಕೂರುವ ಒಂದು ಕಿವಿ ಸೀಳಿತ್ತು.

ಉಸ್ತಾದರು ಆ ಬೋಲ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದು, ಅದರ ಮೈಮೇಲಿನ ಸುತ್ತುಗೆರೆಗಳನ್ನು ಉಗುರಿನಿಂದ ಸವರಿದರು. ಆ ಗೆರೆಗಳನ್ನು ಅವರು ಚೂಡಿ ಅನ್ನುತ್ತಿದ್ದರು.

"ಇದು ಸಣ್ಣ ಚೂಡಿದು. ಕೆಳಗಿನ ತೂತು ಸವದಿತ್ತು ಅಂತ ನಾನೇ ಹೊಸಾ ಚೂಡಿ ಕೊರದು ಹಾಕಿದ್ದೆ, ಭಾಳ ವರ್ಷ ಆತು. ಇದು ಮ್ಯಾಲ ಹೆಂಗ ಬಂತು?"

ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ಇಲ್ಲ ಎಂದಿದ್ದೆನಲ್ಲ, ಅದನ್ನು ಅವರು ನಂಬಿದ್ದರು. ನೋಡಿದ್ದು ತಮ್ಮ ಕೈಗಳನ್ನು.

"ನಾನೇ ಅದಲ್ ಬದಲ್ ಮಾಡೀನಿ, ಮಾಸ್ತರ್ ಸಾಬ್. ಕಣ್ಣು ಹೋಗ್ಯಾವ."

"ಇರ್ಲಿ ಬಿಡ್ರಿ ಉಸ್ತಾದ್. ಇಬ್ಬರಿಗೂ ವಯಸ್ಸಾತು" ಎಂದರು ಅಪ್ಪ. ಸಮಾಧಾನಕ್ಕೆಂದೇ ಹೇಳಿದ ಮಾತು. ಆದರೆ ಉಸ್ತಾದರ ಮುಖ ಅದರಿಂದಲೇ ಇಳಿದುಹೋದದ್ದನ್ನು ನಾನು ಕಂಡೆ. ನೋಟ್‌ಬುಕ್ಕನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಆಗ ಹೇಳಬಹುದಿತ್ತು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪನಿಗಾದರೂ ಹೇಳಬಹುದಿತ್ತು. ಒಂದು ದಿನ ಕಳೆದ ಮೇಲೆ ಅದು ಕಷ್ಟವಾಯಿತು, ವಾರ ಕಳೆದ ಮೇಲೆ ಇನ್ನೂ ಕಷ್ಟವಾಯಿತು.

ಸೀಳಿದ ಕಿವಿಗೆ ವೆಲ್ಡಿಂಗ್ ಮಾಡಿಸಿದ್ದಾಯಿತು. ಉಳಿದ ಕೆಲಸ ಬೇರೆ ಕಡೆ ಮಾಡಿಸಿರೆಂದು ಉಸ್ತಾದರೇ ಹೇಳಿ ಗಾಡಿ ಕಳಿಸಿದರು. ಅಪ್ಪ ಒತ್ತಾಯ ಮಾಡಲಿಲ್ಲ. "ಪಾಪ, ಉಸ್ತಾದರಿಗೆ ಈಗ ಕಾಣಿಸೂದಿಲ್ಲ" ಎಂದು ಕೇಳಿದವರಿಗೆಲ್ಲ ಹೇಳಿದರು. ಕನಿಕರದಿಂದಲೇ ಹೇಳಿದರು. ಗಿರಾಕಿಗಳು ಕಡಿಮೆಯಾದರೋ, ಅವರೇ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟರೋ, ವರ್ಷದೊಳಗೆ ಶೆಡ್ಡಿಗೆ ಬೀಗ ಬಿತ್ತು. ಉಸ್ತಾದರು ಕಮಲಾಪುರದಲ್ಲಿದ್ದ ಮಗಳ ಮನೆಗೆ ಹೋದರು.

ಮೂರು ವರ್ಷಗಳ ನಂತರ, ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ್ದ ನಾನು ಅಪ್ಪನ ಶಾಲೆಯ ವಿಜ್ಞಾನ ಪ್ರದರ್ಶನ ನೋಡಲು ಕಮಲಾಪುರಕ್ಕೆ ಹೋದೆ. ಮಧ್ಯಾಹ್ನ ಬಿಡುವಿನಲ್ಲಿ ಯಾರಿಗೂ ಹೇಳದೆ ರಸ್ತೆಗೆ ಬಂದೆ. ಉಸ್ತಾದರು ಅಳಿಯನ ಅಂಗಡಿಯಲ್ಲಿ ಕೆಂಪು ಬಾಳೆಗೊನೆಗಳ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ದೂರದಿಂದಲೇ ಗುರುತು ಹಿಡಿದರು.

"ಬರ್ರಿ ಬಾಯಿ. ತಾಯತಾ ಕಟ್ಟಲಿಕ್ಕ ಇಲ್ಲಿ ಬರೇ ಬಾಳಿಹಣ್ಣು ಅದಾವ."

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

"ಎಂಟೂ ತಗದಿದ್ರೇನು?"

"ಎಂಟೂ."

"ನಾ ಕೇಳಿದ್ದೆ."

"ಕೇಳಿದ್ರಿ."

ಒಬ್ಬರು ಬಂದು ಹಣ್ಣು ಕೇಳಿದರು. ಉಸ್ತಾದರು ಡಜನ್ ಎಣಿಸಿಕೊಟ್ಟು ಮತ್ತೆ ಕುಳಿತರು.

"ಅವತ್ತಿನ ಮ್ಯಾಲ ಕಣ್ಣಿನ ಡಾಕ್ಟರ್ ಹಂತೇಕ ಹೋಗಿದ್ದೆ. ಕಣ್ಣು ಛಲೋ ಅದಾವ ಅಂದ್ರು. ಈ ಡಾಕ್ಟರಿಗೇನ್ ತಿಳೀತದ ಅಂತ ಎದ್ದು ಬಂದೆ."

ತಪ್ಪಾಯಿತು, ಕ್ಷಮಿಸಿ ಎಂದೆ. ಅವರು ಕೈಯಾಡಿಸಿ ಆ ಮಾತನ್ನು ಪಕ್ಕಕ್ಕೆ ಸರಿಸಿದರು.

"ಮಾಸ್ತರ್ ಸಾಬರಿಗೆ ಹೇಳೀರೇನು?"

"ಇಲ್ರಿ."

"ಹೇಳ್ರಿ. ದಿನಾ ಇದೇ ದಾರ್ಯಾಗ ಹೋಗ್ತಾರ. ಹಾರ್ನ್ ಹೊಡೀತಾರ, ನಿಂದ್ರಂಗಿಲ್ಲ."

ಸಂಜೆ ವಾಪಸಾಗುವಾಗ ಅಪ್ಪನಿಗೆ ಹೇಳಿದೆ. ಅಪ್ಪ ಗಾಡಿ ನಿಲ್ಲಿಸಲಿಲ್ಲ, ಸಿಟ್ಟಾಗಲೂ ಇಲ್ಲ. ಕಪನೂರ ದಾಟುವ ತನಕ ಎದುರಿನ ರಸ್ತೆ ನೋಡುತ್ತಲೇ ಇದ್ದರು. ಆಮೇಲೆ, "ನಾ ಊರಿಗೆಲ್ಲಾ ಹೇಳಿಬಿಟ್ಟೀನಲ್ಲ" ಎಂದರು.

ಮರುದಿನ ಅವರು ಶಾಲೆಯಿಂದ ಬಹಳ ತಡವಾಗಿ ಬಂದರು. ಬಾಳೆಹಣ್ಣಿನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದರಂತೆ. ಊಟಕ್ಕೆ ನನ್ನ ಪಕ್ಕದಲ್ಲೇ ಕುಳಿತರು. ಉಸ್ತಾದರು ಮತ್ತೆ ಕೆಲಸ ಶುರುಮಾಡುತ್ತಾರೇನು ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಆಯಿ ಕೇಳಿದಳು.

"ಹೆಂಗ ಮಾಡ್ತಾರ? ಪಾನಾ ಸೈತ ಮಾರಿಬಿಟ್ಟಾರ" ಎಂದು ಅಪ್ಪ ತಟ್ಟೆ ನೋಡುತ್ತ ಅನ್ನ ಕಲಸಿದರು.