ಅಳಬಾರದೆಂದು ಓದಿಕೊಂಡೆ

ಕಮಲಾಪುರದ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ನನ್ನ ಯಜಮಾನರು ಮುಖ ಒರೆಸಿಕೊಳ್ಳುವಾಗ ಇವರ ಕಣ್ಣುಗಳು ಹಳದಿಯಾಗಿ ಕಂಡವು. ಕಾಮಣಿ ಅಂದುಕೊಂಡೆವು. ಮೂರು ವಾರ ಗಿಡಮೂಲಿಕೆ ರಸ ಕುಡಿಸಿದೆ. ಆಮೇಲೆ ಕಲಬುರಗಿ, ಸೇಡಂ ರಸ್ತೆಯ ಆಸ್ಪತ್ರೆ, ಸ್ಕ್ಯಾನ್.

ಪ್ಯಾಂಕ್ರಿಯಾಸ್ ಕ್ಯಾನ್ಸರ್.

"ಆಪರೇಶನ್ ಮಾಡೋ ಹಂತ ದಾಟಿ ಹೋಗ್ಯದ್ರಿ," ಅಂದರು ಡಾಕ್ಟರ್.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಏನೇ ಬಂದರೂ ಪುಸ್ತಕ ಹುಡುಕುವ ಚಟ. ಸ್ಟೇಶನ್ ಬಜಾರದಲ್ಲಿ ಸ್ಟೋಯಿಕರ ದಪ್ಪ ಪುಸ್ತಕವೊಂದನ್ನು ಕೊಂಡೆ. ಪುಟದ ಮೇಲರ್ಧದಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಆ ಗ್ರೀಕ್, ರೋಮನ್ ತತ್ವಜ್ಞಾನಿಗಳ ಮಾತು, ಕೆಳಗೆ ಸಣ್ಣ ಅಕ್ಷರದಲ್ಲಿ ಈಗಿನ ಪ್ರೊಫೆಸರೊಬ್ಬರ ವ್ಯಾಖ್ಯಾನ. ಗೈಡು ನೋಡುವ ಮಕ್ಕಳನ್ನು ಜೀವನಪೂರ್ತಿ ಬೈದವಳು ನಾನು. ಮೂಲ ಕೈಲಿರುವಾಗ ವ್ಯಾಖ್ಯಾನ ಯಾಕೆ? ಇವರ ನರಕ್ಕೆ ಕೀಮೋ ಔಷಧಿ ಇಳಿಯುವಾಗ ಪಕ್ಕದಲ್ಲಿ ಕೂತು ಮೇಲಿನದಷ್ಟೇ ಓದಿದೆ. ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಕಂಗೆಡಬಾರದು. ಲೆಕ್ಕದಷ್ಟೇ ನೇರ. ಹಿಡಿಸಿತು.

ಕಣ್ಣೀರು ನಿಲ್ಲಿಸಿದೆ. ನಮ್ಮ ಕಡೆ ರೋಗಿಯನ್ನು ನೋಡಲು ಬಂದ ಹೆಂಗಸರು ಕೈ ಹಿಡಿದು ಅತ್ತೇ ಹೋಗುವುದು ರೂಢಿ. ಅತ್ತೆ ತಮ್ಮ ಮಗನ ಪಾದ ಹಿಡಿದು ಅಳತೊಡಗಿದಾಗ, "ಅಳೋದಿದ್ರ ಹೊರಗ ಹೋಗ್ರಿ ಅತ್ತಿ," ಎಂದುಬಿಟ್ಟೆ. ಎಪ್ಪತ್ತು ದಾಟಿದ ಜೀವ. ಎದ್ದು ಹೋಗಿ ಕಾರಿಡಾರಿನ ನೆಲದ ಮೇಲೆ ಕೂತರು. ನನಗೆ ಆಗ ಹೆಮ್ಮೆಯಾಯಿತು. ಈಗ ಬರೆಯಲೂ ನಾಚಿಕೆ.

ನಾಲ್ಕನೇ ಕೀಮೋ ದಿನ ಇವರು ಗೋಡೆ ನೋಡುತ್ತ ಕೇಳಿದರು, "ನಾ ಹೋದ್ರ ನಿನಗ ಏನೂ ಅನ್ಸಂಗಿಲ್ಲೇನು?"

ಇಪ್ಪತ್ತಾರು ವರ್ಷದ ಸಂಸಾರ.

ಉತ್ತರಕ್ಕೆ ಮತ್ತೆ ಪುಸ್ತಕವನ್ನೇ ತೆರೆದೆ, ಎಂಥ ಹುಚ್ಚಿ! ಅವತ್ತು ಮೊದಲ ಸಲ ಕೆಳಗಿನ ಸಣ್ಣ ಅಕ್ಷರಕ್ಕೆ ಇಳಿದೆ. ಎದೆ ಧಸಕ್ಕೆನ್ನುವುದು, ಕಣ್ಣು ತುಂಬುವುದು ಜ್ಞಾನಿಗೂ ತಪ್ಪಿದ್ದಲ್ಲವಂತೆ. ಸ್ಟೋಯಿಕರು ಅದನ್ನು ದೋಷವೆಂದು ಎಣಿಸಲೇ ಇಲ್ಲವಂತೆ. ಕಲ್ಲಾಗು ಎಂದು ಯಾರೂ ಹೇಳಿರಲಿಲ್ಲ. ಇವರಿಗೆ ಓದಿ ಹೇಳಲು ಹೊರಟೆ. ಎರಡನೇ ಸಾಲಿಗೇ ಪುಸ್ತಕ ಮುಚ್ಚಿದೆ.

ಮಂಚದ ಅಂಚಿಗೆ ತಲೆಯಿಟ್ಟು ಅತ್ತುಬಿಟ್ಟೆ. ಸೂಜಿ ಚುಚ್ಚಿದ ಕೈ ನನ್ನ ತಲೆಯ ಮೇಲೆ ಬಂತು.

"ಅಳು, ಅಳು. ಇಷ್ಟ ದಿನ ನಾ ಒಬ್ಬನ ಸಾಯ್ಲಾಕತ್ತೀನಿ ಅನಸಿತ್ತು."

ಮರುದಿನ ಅತ್ತೆಯನ್ನು ನಾನೇ ಕೈಹಿಡಿದು ಒಳಗೆ ಕರೆತಂದೆ. ಅವರು ಮಗನ ಪಕ್ಕ ಕೂತರು.

ಇವರು ಇನ್ನೂ ಹತ್ತೊಂಬತ್ತು ದಿನ ಇದ್ದರು. ಅತ್ತೆವು, ಒಮ್ಮೊಮ್ಮೆ ನಕ್ಕೆವು ಕೂಡ. ಆ ದಿನಗಳಿಗೆ ನಾನು ಋಣಿ. ಅದಕ್ಕೂ ಮೊದಲಿನ ಎರಡು ತಿಂಗಳು, ಪಕ್ಕದಲ್ಲೇ ಕೂತು, ಅವರನ್ನು ಒಂಟಿ ಬಿಟ್ಟಿದ್ದೆ.